ರೊಮಾನಿಕೆಗೆ ಬಂದು ನಿಂತ ಕಥೆ

ಉತ್ತರ ಆಫ್ರಿಕಾದಲ್ಲಿ ಲ್ಯಾಟಿನ್ ಅಳಿಯದೇ ಉಳಿದಿದ್ದರೆ ಅದರಿಂದ ಹುಟ್ಟಿದ ಭಾಷೆಗಳು ಹೇಗಿರುತ್ತಿದ್ದವು? ಹೀಗೇ ಸುಮ್ನೆ ಯೋಚಿಸುತ್ತಾ ಮೂರು ಭಾಷೆ ಕಟ್ಟಿದೆ. ವ್ಯಾಕರಣಕ್ಕಿಂತ ಜಾಸ್ತಿ ತಲೆ ತಿಂದಿದ್ದು ಮೂರಕ್ಕೂ ಸೇರಿ ಒಂದು ಮನೆತನದ ಹೆಸರು. ನಾಲ್ಕನ್ನು ಹಾಕಿ ನೋಡಿದೆ.

ಮೊದಲನೆಯದು ‘ಆಫ್ರಿಕನ್ ರೊಮಾನ್ಸ್’ (ಲ್ಯಾಟಿನ್‌ನಿಂದ ಹುಟ್ಟಿದ ಭಾಷೆಗಳಿಗೆ ರೊಮಾನ್ಸ್ ಎನ್ನುತ್ತಾರೆ). ಸುಲಭ, ಆದರೆ ನಿಜವಾಗಿ ಇದ್ದು ಅಳಿದ ಭಾಷೆಗೆ ವಿದ್ವಾಂಸರು ಇಟ್ಟ ಹೆಸರದು. ಟುನೀಶಿಯಾದ ಗಫ್ಸಾದಲ್ಲಿ ಜನ ಆಫ್ರಿಕಾದ ಲ್ಯಾಟಿನ್ ಆಡುತ್ತಾರೆ ಎಂದು ಭೂಗೋಳಕಾರ ಅಲ್ ಇದ್ರೀಸಿ 12ನೇ ಶತಮಾನದಲ್ಲೇ ಬರೆದಿದ್ದಾನೆ. ನನ್ನ ಪದಪಟ್ಟಿ ನೋಡಿದ ಗೆಳೆಯ, “ಇದು ಯಾವ ಶಾಸನದಲ್ಲಿ ಸಿಕ್ಕಿತು?” ಎಂದ. ಅಲ್ಲಿಗೆ ಅದನ್ನು ಬಿಟ್ಟೆ.

ಎರಡನೆಯದು ‘ಹೌದು’ ಎನ್ನುವ ಪದ. ಫ್ರಾನ್ಸಿನಲ್ಲಿ ದಕ್ಷಿಣದವರು ‘ಒಕ್’, ಉತ್ತರದವರು ‘ಒಯ್ಲ್’ ಎನ್ನುತ್ತಿದ್ದರು. ಅವರ ಭಾಷೆಗಳಿಗೂ ಅದೇ ಹೆಸರು ಬಿತ್ತು. ನನ್ನ ಮೂರರಲ್ಲೂ ‘ಹೌದು’ ಬೇರೆ ಬೇರೆ. ಪಾಲು ಮಾಡಲು ಸರಿ, ಒಟ್ಟು ಕುಟುಂಬಕ್ಕೆ ಆಗದು.

‘ಕೆಂಟು’ ಮಾತ್ರ ಎರಡು ತಿಂಗಳು ಬಾಳಿತು. ನೂರಕ್ಕೆ ಲ್ಯಾಟಿನ್‌ನಲ್ಲಿ ಕೆಂಟುಂ. ಇಟಾಲಿಯನ್ ಅದನ್ನು ‘ಚೆಂತೊ’ ಮಾಡಿತು, ನನ್ನವು ‘ಕ’ ಉಳಿಸಿಕೊಂಡವು. ಆದರೆ ಇಟಲಿಯ ದ್ವೀಪ ಸಾರ್ಡೀನಿಯಾದ ಒಳನಾಡಿನಲ್ಲೂ ‘ಕೆಂಟು’ವೇ! ಹಳೆಯದನ್ನು ಉಳಿಸಿಕೊಂಡ ಮಾತ್ರಕ್ಕೆ ನೆಂಟರಾಗುವುದಿಲ್ಲ. ಹಾಲಿಗೆ ತಮಿಳಿನಲ್ಲಿ ಪಾಲ್, ತೆಲುಗಿನಲ್ಲಿ ಪಾಲು, ಹಳಗನ್ನಡದಲ್ಲೂ ಪಾಲೇ. ಆಮೇಲೆ ‘ಪ’ವನ್ನು ‘ಹ’ ಮಾಡಿಕೊಂಡವರು ನಾವು. ಹಾಗಂತ ತಮಿಳು, ತೆಲುಗು ಒಂದು ಕವಲು, ಕನ್ನಡ ಬೇರೆ ಎನ್ನಲಾಗುತ್ತದಾ? ಕನ್ನಡ ತಮಿಳಿಗೇ ಹತ್ತಿರ ಅಲ್ವಾ. ಕುಟುಂಬ ಗೊತ್ತಾಗುವುದು ಒಟ್ಟಿಗೆ ಬದಲಾದದ್ದರಿಂದ.

ಕೊನೆಗೆ ಆಡುವವರೇ ತಮ್ಮ ಮಾತನ್ನು ಏನೆನ್ನುತ್ತಾರೆ ಎಂದು ಕೇಳಿಕೊಂಡೆ. ಲ್ಯಾಟಿನ್‌ನಲ್ಲಿ ‘ರೊಮಾನಿಕೆ’ ಎಂದರೆ ರೋಮನ್ನರ ರೀತಿಯಲ್ಲಿ. ಯುರೋಪಿನಲ್ಲಿ ‘ರೊಮಾನ್ಸ್’ ಆದದ್ದು ಇದೇ ಪದ. ನನ್ನ ನಿಯಮಗಳಲ್ಲಿ ಹಾಯಿಸಿದರೆ ಒಂದರಲ್ಲಿ ರೊಮಾನಿಕೆಯಾಗೇ ಉಳಿಯಿತು, ಇನ್ನೊಂದರಲ್ಲಿ ರೊಮಾಂಕೆ, ಮತ್ತೊಂದರಲ್ಲಿ ರೊಮಾನಿಗೆ. ಮೂರನೆಯದು ಕೇಳಿದರೆ ಯಾರಿಗೋ ಏನೋ ಕೊಡುವ ಹಾಗಿದೆ! ಮೊದಲನೆಯದು ನಂಬಿಕೆ, ಹೋಲಿಕೆಗಳ ಸಾಲಿನಲ್ಲಿ ಕೂತುಬಿಡುತ್ತದೆ. ಅದನ್ನೇ ಕುಟುಂಬಕ್ಕೆ ಇಟ್ಟೆ.

ಒಂದು ಕಿರಿಕಿರಿ ಮಾತ್ರ ಉಳಿದಿದೆ. ಕೇಳಿದವರು ಯುರೋಪಿನ ರೋಮಾ ಜನರ ಭಾಷೆ ರೊಮಾನಿ ಎಂದುಕೊಳ್ಳುತ್ತಾರೆ. ಅದು ನಮ್ಮ ಹಿಂದಿ, ಮರಾಠಿಗಳ ಕಡೆಯದು, ಲ್ಯಾಟಿನ್‌ನ ಮಗಳಲ್ಲ. ಈಗೀಗ ಕೊನೆಯ ‘ಕೆ’ಯನ್ನು ಸ್ವಲ್ಪ ಒತ್ತಿಯೇ ಹೇಳುತ್ತೇನೆ.