ಕ್ಯಾಪ್ಸೂಲ್ ನುಂಗಿಸಬೇಕೋ, ಟ್ಯೂಬ್ ಹಾಕಿಸಬೇಕೋ?

ಅಮ್ಮನ ಹಿಮೋಗ್ಲೋಬಿನ್ ಇಳಿಯುತ್ತಲೇ ಇದೆ, ಕ್ಯಾಪ್ಸೂಲ್ ಎಂಡೋಸ್ಕೋಪಿ (ಕ್ಯಾಮೆರಾ ಇರುವ ಗುಳಿಗೆ ನುಂಗಿಸಿ ಕರುಳು ನೋಡುವುದು) ಅಂತಿದ್ದಾರೆ, ಮಾಮೂಲಿ ಕ್ಯಾಮೆರಾ ಟ್ಯೂಬ್ ಸಾಲದಾ ಅಂತ ಕೇಳಿದ್ದೀರಿ. ಒಳಗೆಲ್ಲೋ ರಕ್ತ ಸೋರುತ್ತಿದ್ದರೆ ಹಿಮೋಗ್ಲೋಬಿನ್ ಹೀಗೆ ಇಳಿಯಬಹುದು, ಹಾಗಾಗಿ ಮೊದಲು ನೋಡಬೇಕಾದ್ದು ದುಡ್ಡಲ್ಲ, ಆ ಸೋರುವ ಜಾಗ. ಬಾಯಿಂದ ಹಾಕುವ ಟ್ಯೂಬ್ ಸಣ್ಣ ಕರುಳಿನ ಆರಂಭದಲ್ಲೇ ನಿಲ್ಲುತ್ತದೆ. ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಹಾಕುವ ಟ್ಯೂಬ್, ಸಣ್ಣ ಕರುಳಿನ ಕೊನೆಯ ತುದಿ ಮುಟ್ಟಿದರೆ ಹೆಚ್ಚು. ನಡುವಿನ ಹಲವು ಮೀಟರ್ ಕ್ಯಾಪ್ಸೂಲಿನ ರಾಜ್ಯ.

ಸುಮಾರು 26 ಮಿ.ಮೀ. ಉದ್ದದ ಆ ಗುಳಿಗೆಯೊಳಗೆ ಕ್ಯಾಮೆರಾ, ಎಲ್‌ಇಡಿ, ಬ್ಯಾಟರಿ, ಟ್ರಾನ್ಸ್‌ಮಿಟರ್ ಎಲ್ಲ ಇವೆ. ಎಂಟು ಗಂಟೆಗೂ ಮೀರಿ ಸೊಂಟದ ರೆಕಾರ್ಡರ್‌ಗೆ ಚಿತ್ರ ಕಳಿಸುತ್ತದೆ. (ಇದನ್ನು ಕಂಡುಹಿಡಿದ ಇಸ್ರೇಲಿನ ಗೇವ್ರಿಯಲ್ ಇಡ್ಡಾನ್ ಮೊದಲು ಕ್ಷಿಪಣಿ ಕೆಲಸದಲ್ಲಿದ್ದವರು, ಅಮೆರಿಕ 2001ರಲ್ಲಿ ಅನುಮತಿ ಕೊಟ್ಟಿತು.) ಅರಿವಳಿಕೆ ಬೇಡ, ಓಕರಿಕೆ ಇಲ್ಲ. ಆದರೆ ಅನುಮಾನದ ಜಾಗದಲ್ಲಿ ನಿಲ್ಲಿಸಿ ನೋಡಲಾಗದು, ತುಣುಕು ತೆಗೆಯಲಾಗದು. ಟ್ಯೂಬ್ ಬಯಾಪ್ಸಿ ತೆಗೆಯುತ್ತದೆ, ರಕ್ತವನ್ನೂ ಅಲ್ಲೇ ನಿಲ್ಲಿಸಬಲ್ಲದು.

ಖರ್ಚು ಕ್ಯಾಪ್ಸೂಲಿಗೇ ಜಾಸ್ತಿ, ಒಮ್ಮೆ ಬಳಸಿ ಬಿಸಾಡುವ ಸಾಮಾನು.

ನನಗೆ ಭಯವಿರುವುದು ಕ್ಯಾಪ್ಸೂಲ್ ಒಳಗೇ ಸಿಕ್ಕಿಹಾಕಿಕೊಳ್ಳುವುದರ ಬಗ್ಗೆ. ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆ) ಅಥವಾ ನಮ್ಮಲ್ಲಿ ಸಾಮಾನ್ಯವಾದ ಕರುಳಿನ ಟಿಬಿಯಿಂದ ಕರುಳು ಕಿರಿದಾಗಿದ್ದರೆ ಅದು ಅಲ್ಲೇ ಕೂರಬಹುದು, ಆಪರೇಷನ್ನೇ ಬೇಕಾಗಬಹುದು. ಊಟದ ನಂತರ ಹೊಟ್ಟೆ ಉಬ್ಬಿ ನೋಯುವವರು ಮೊದಲು ಸಿಟಿ ಎಂಟೆರೋಗ್ರಫಿ (ಸಣ್ಣ ಕರುಳಿನ ಸಿಟಿ ಸ್ಕ್ಯಾನ್) ಬಗ್ಗೆ ಕೇಳಲಿ. ಗುಳಿಗೆ ಹೊರಬರುವವರೆಗೆ ಎಂಆರ್‌ಐ ಬೇಡ.

ರಕ್ತವಾಂತಿ, ಕಪ್ಪು ಮಲ ಇದ್ದರೆ ತಡಮಾಡದೆ ಆಸ್ಪತ್ರೆ, ಮೊದಲು ಟ್ಯೂಬ್. ಮೇಲಿನಿಂದ, ಕೆಳಗಿನಿಂದ ಎರಡೂ ನೋಡಿ ಏನೂ ಸಿಗದಿದ್ದರೆ ಕ್ಯಾಪ್ಸೂಲ್. ಅದರಲ್ಲಿ ಏನಾದರೂ ಕಂಡರೆ ಚಿಕಿತ್ಸೆಗೆ ಬಲೂನ್ ಎಂಟೆರೋಸ್ಕೋಪಿ (ಬಲೂನಿನ ನೆರವಿನಿಂದ ಸಣ್ಣ ಕರುಳಿನ ಒಳಭಾಗಕ್ಕೆ ಹೋಗುವ ಉದ್ದದ ಟ್ಯೂಬ್) ಬೇಕಾಗಬಹುದು. ಆ ಖರ್ಚನ್ನೂ ಈಗಲೇ ವಿಚಾರಿಸಿ.