ಎರಡು ಮಾನಿಟರ್‌ಗಳ ಯುಎಸ್‌ಬಿ-ಸಿ ಡಾಕ್: ಲಿನಕ್ಸ್‌ನಲ್ಲಿ ನಾಲ್ಕು ತಿಂಗಳ ಬಳಕೆಯ ನಂತರ

ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುವುದು ಮತ್ತು ಕರಡು ತಿದ್ದುವುದು ನನ್ನ ವೃತ್ತಿ. ಒಂದು ಮಾನಿಟರ್‌ನಲ್ಲಿ ಲೇಖಕರ ಹಸ್ತಪ್ರತಿಯ ಸ್ಕ್ಯಾನ್, ಇನ್ನೊಂದರಲ್ಲಿ ಜೋಡಿಸುತ್ತಿರುವ ಪುಟ, ಲ್ಯಾಪ್‌ಟಾಪ್‌ನ ಪರದೆಯಲ್ಲಿ ನಿಘಂಟು, ಹೀಗೆ ಮೂರೂ ಒಟ್ಟಿಗೆ ಕಣ್ಣೆದುರಿಗಿದ್ದರೆ ಕೆಲಸ ಸರಾಗವಾಗಿ ಸಾಗುತ್ತದೆ. ಇದಕ್ಕಾಗಿಯೇ ನಾಲ್ಕು ತಿಂಗಳ ಹಿಂದೆ ಒಂದೇ ಕೇಬಲ್‌ನಲ್ಲಿ ಎರಡು ಮಾನಿಟರ್, ಇಂಟರ್‌ನೆಟ್ ತಂತಿ, ಕೀಬೋರ್ಡ್, ಮೌಸ್ ಮತ್ತು ಚಾರ್ಜಿಂಗ್ ಎಲ್ಲವನ್ನೂ ಕೊಡುವ ಯುಎಸ್‌ಬಿ-ಸಿ ಡಾಕ್ ಒಂದನ್ನು ಕೊಂಡೆ. ತಯಾರಕರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಇದೇ ಬಗೆಯ ಡಾಕ್‌ಗಳು ಹಲವು ಹೆಸರುಗಳಲ್ಲಿ ಮಾರಾಟವಾಗುತ್ತಿದ್ದು, ನಾನು ಬರೆಯುತ್ತಿರುವ ವಿಷಯ ಅವುಗಳಲ್ಲಿ ಬಹುಪಾಲಿಗೆ ಅನ್ವಯಿಸುತ್ತದೆ. ಡಾಕ್ ಒಳ್ಳೆಯದು, ಇಂದಿಗೂ ಅದನ್ನೇ ಬಳಸುತ್ತಿದ್ದೇನೆ. ಆದರೆ ಅದರ ಪೆಟ್ಟಿಗೆಯ ಮೇಲೆ ಮುದ್ರಿಸದೆ ಬಿಟ್ಟ ಒಂದು ಸಂಖ್ಯೆಯಿಂದಾಗಿ ಮೂರು ದಿನ ಎರಡೂ ಮಾನಿಟರ್ ಜೋಡಿಸಿಕೊಂಡು ನನ್ನ ಕಂಪ್ಯೂಟರ್‌ಗೆ ನಾನೇ ಲಾಗಿನ್ ಆಗಲಾರದ ಸ್ಥಿತಿ ಬಂದಿತ್ತು.

ಮೊದಲು ಒಳ್ಳೆಯ ಮಾತನ್ನೇ ಹೇಳುತ್ತೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಲಿನಕ್ಸ್‌ನ ಒಂದು ರೂಪವಾದ ಉಬುಂಟು 24.04. ಡಾಕ್ ಜೋಡಿಸಿದ ಕೂಡಲೇ ಎರಡೂ ಮಾನಿಟರ್‌ಗಳು ಯಾವ ಡ್ರೈವರನ್ನೂ ಕೇಳದೆ ಬೆಳಗಿದವು. ಮಾರುಕಟ್ಟೆಯಲ್ಲಿ ಎರಡು ಜಾತಿಯ ಡಾಕ್‌ಗಳಿವೆ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು. ಒಂದು ಬಗೆಯದು ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಚಿಪ್‌ನಿಂದ ಹೊರಡುವ ಡಿಸ್‌ಪ್ಲೇಪೋರ್ಟ್ ಸಂಕೇತವನ್ನೇ ಯುಎಸ್‌ಬಿ-ಸಿ ತಂತಿಯ ಮೂಲಕ ಮಾನಿಟರ್‌ಗೆ ದಾಟಿಸುತ್ತದೆ. ಇನ್ನೊಂದು ಬಗೆಯಲ್ಲಿ ಚಿತ್ರವನ್ನು ಸಂಕುಚಿಸಿ ಸಾಮಾನ್ಯ ಯುಎಸ್‌ಬಿ ದತ್ತಾಂಶದಂತೆ ಕಳುಹಿಸಿ, ಡಾಕ್‌ನೊಳಗಿನ ಚಿಪ್ ಅದನ್ನು ಮತ್ತೆ ಬಿಡಿಸುತ್ತದೆ. ಈ ಎರಡನೆಯ ಬಗೆಗೆ ಲಿನಕ್ಸ್‌ನಲ್ಲಿ ಕರ್ನೆಲ್‌ಗೆ, ಅಂದರೆ ವ್ಯವಸ್ಥೆಯ ತಿರುಳಿಗೆ, ಸೇರಿಸುವ ಪ್ರತ್ಯೇಕ ಮಾಡ್ಯೂಲ್ ಬೇಕು, ಕರ್ನೆಲ್ ಬದಲಾದಾಗಲೆಲ್ಲ ಅದನ್ನು ಮತ್ತೆ ಕಟ್ಟಬೇಕು, ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲನೆಯಲ್ಲಿದ್ದರೆ ಅದಕ್ಕೆ ಸಹಿಯನ್ನೂ ಹಾಕಬೇಕು. ನನ್ನ ಡಾಕ್ ಮೊದಲ ಬಗೆಯದು. ಲಿನಕ್ಸ್ ಬಳಸುವವರಿಗೆ ನಾನು ಶಿಫಾರಸು ಮಾಡುವುದೂ ಇದೇ ಬಗೆಯನ್ನು.

ನನ್ನ ಎರಡೂ ಮಾನಿಟರ್‌ಗಳು 1920×1080ರವು. ಸೆಕೆಂಡಿಗೆ 60 ಬಾರಿಯ ಬದಲು 100 ಬಾರಿ ಚಿತ್ರವನ್ನು ಹೊಸದಾಗಿಸಬಲ್ಲವು. ದಿನವಿಡೀ ಪುಟಗಳನ್ನು ಮೇಲೆ ಕೆಳಗೆ ಸರಿಸುತ್ತಾ ಓದುವವರ ಕಣ್ಣಿಗೆ 100 ಹರ್ಟ್ಸ್ ಕೊಡುವ ನೆಮ್ಮದಿ ಸಣ್ಣದಲ್ಲ. ಸೆಟ್ಟಿಂಗ್ಸ್‌ನಲ್ಲಿ ಎರಡನ್ನೂ 100ಕ್ಕೆ ಇಟ್ಟೆ. ಎರಡು ತಿಂಗಳು ಒಂದು ದಿನವೂ ತೊಂದರೆಯಾಗಲಿಲ್ಲ.

ಆಮೇಲೆ ಬೆಳಕಿಗಾಗಿ ಮೇಜನ್ನು ಕಿಟಕಿಯ ಪಕ್ಕಕ್ಕೆ ಸರಿಸಿದೆ. ಡಾಕ್‌ನ ಜೊತೆಗೆ ಬಂದಿದ್ದ ಕೇಬಲ್ ಮೊಳದಷ್ಟೇ ಉದ್ದವಿದ್ದುದರಿಂದ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎರಡು ಮೀಟರ್ ಉದ್ದದ, ವಿಡಿಯೊ ಸಾಗಿಸುತ್ತದೆ ಎಂದು ಅಂಗಡಿಯವರು ಖಾತ್ರಿ ಕೊಟ್ಟ ಕೇಬಲ್ ಒಂದನ್ನು ತಂದು ಜೋಡಿಸಿದೆ. ಎರಡೂ ಮಾನಿಟರ್‌ಗಳಲ್ಲಿ ಲಾಗಿನ್ ಪರದೆ ಎಂದಿನಂತೆ ಕಾಣಿಸಿತು. ಪಾಸ್‌ವರ್ಡ್ ಹಾಕಿ ಎಂಟರ್ ಒತ್ತಿದೆ. ಮೂರೂ ಪರದೆಗಳು ಕಪ್ಪಾದವು, ಮೌಸ್‌ನ ಬಾಣ ಒಂದು ಕ್ಷಣ ಮಿನುಗಿತು, ನಾಲ್ಕೈದು ಸೆಕೆಂಡ್ ಕಳೆದ ಮೇಲೆ ಮತ್ತೆ ಅದೇ ಲಾಗಿನ್ ಪರದೆ ಬಂತು. ತಪ್ಪು ಪಾಸ್‌ವರ್ಡ್ ಎಂಬ ಸೂಚನೆಯೂ ಇಲ್ಲ, ಬೇರೆ ಯಾವ ಸೂಚನೆಯೂ ಇಲ್ಲ. ಎಷ್ಟು ಬಾರಿ ಪ್ರಯತ್ನಿಸಿದರೂ ಇದೇ ಸುತ್ತು. ಆ ವಾರವೇ ಒಂದು ಪುಸ್ತಕ ಅಚ್ಚಿಗೆ ಹೋಗಬೇಕಿತ್ತು.

ಅದೇ ದಿನ ಬೆಳಿಗ್ಗೆ ಕರ್ನೆಲ್ ಅಪ್‌ಡೇಟ್ ಆಗಿದ್ದುದರಿಂದ ನನ್ನ ಮೊದಲ ಅನುಮಾನ ಅದರ ಮೇಲೆ ಹೋಯಿತು. ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನೆಲ್ ಆರಿಸಿ ಶುರು ಮಾಡಿ ನೋಡಿದೆ, ವ್ಯತ್ಯಾಸವಾಗಲಿಲ್ಲ. ಡಾಕ್ ಕಿತ್ತು ಬರೀ ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಆದರೆ ಎಲ್ಲವೂ ಸರಿ. ಒಂದೇ ಮಾನಿಟರ್ ಜೋಡಿಸಿದರೂ ಸರಿ, ಅದು ಎಡಗಡೆಯದಾದರೂ ಬಲಗಡೆಯದಾದರೂ ಸರಿ. ಎರಡನ್ನೂ ಜೋಡಿಸಿದಾಗ ಮಾತ್ರ ಸೆಷನ್, ಅಂದರೆ ಲಾಗಿನ್ ಆದ ಮೇಲೆ ತೆರೆಯುವ ಡೆಸ್ಕ್‌ಟಾಪ್, ಬೀಳುತ್ತಿತ್ತು. ಈ ತೊಂದರೆಯಲ್ಲಿ ಸಿಲುಕಿದವರು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆ ಇದು. ಹೀಗೆ ಒಂದೊಂದನ್ನೇ ಕಿತ್ತು ನೋಡದೆ ಇಡೀ ವ್ಯವಸ್ಥೆಯನ್ನು ಅಳಿಸಿ ಮತ್ತೆ ಸ್ಥಾಪಿಸಲು ಹೊರಡುವವರನ್ನು ನಾನು ಬಲ್ಲೆ. ಅದರಿಂದ ಸಮಯ ಹೋಗುತ್ತದೆ, ಕೆಲವೊಮ್ಮೆ ಕಡತಗಳೂ ಹೋಗುತ್ತವೆ.

ಎರಡನೆಯ ಪರೀಕ್ಷೆಯಾಗಿ ಹೊಸ ಬಳಕೆದಾರನ ಖಾತೆಯೊಂದನ್ನು ತೆರೆದೆ. ಆ ಖಾತೆಯಿಂದ ಎರಡೂ ಮಾನಿಟರ್‌ಗಳೊಂದಿಗೆ ಲಾಗಿನ್ ಸಲೀಸಾಗಿ ಆಯಿತು. ಅಲ್ಲಿಗೆ ತೊಂದರೆಗೂ ನನ್ನ ಖಾತೆಯ ಯಾವುದೋ ಹೊಂದಿಕೆಗೂ ಸಂಬಂಧವಿದೆ ಎಂಬುದು ಖಚಿತವಾಯಿತು. ಉಬುಂಟುವಿನಲ್ಲಿರುವ ನೋಮ್ ಡೆಸ್ಕ್‌ಟಾಪ್ ಪ್ರತಿಯೊಂದು ಮಾನಿಟರ್ ಜೋಡಿಯ ಗಾತ್ರ, ಸ್ಥಾನ ಮತ್ತು ಹರ್ಟ್ಸ್‌ಗಳನ್ನು ಬಳಕೆದಾರನ ಮನೆಕೋಶದೊಳಗಿನ ಡಾಟ್ ಕಾನ್ಫಿಗ್ ಫೋಲ್ಡರ್‌ನಲ್ಲಿ ಮಾನಿಟರ್ಸ್ ಡಾಟ್ ಎಕ್ಸ್‌ಎಂಎಲ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಲಾಗಿನ್ ಪರದೆಯನ್ನು ತೋರಿಸುವ ಜಿಡಿಎಂ ಬೇರೊಬ್ಬ ಬಳಕೆದಾರನ ಹೆಸರಿನಲ್ಲಿ ನಡೆಯುವುದರಿಂದ ನಮ್ಮ ಈ ಕಡತವನ್ನು ಅದು ಓದುವುದಿಲ್ಲ. ಮಾನಿಟರ್ ತಾನಾಗಿ ಬಯಸುವ ಹರ್ಟ್ಸ್‌ನಲ್ಲೇ, ನನ್ನ ಮಾನಿಟರ್‌ಗಳ ಮಟ್ಟಿಗೆ 60ರಲ್ಲಿ, ಬೆಳಗಿಸುತ್ತದೆ. ಲಾಗಿನ್ ಪರದೆ ಚೆನ್ನಾಗಿ ಕಾಣಿಸಿ, ಪಾಸ್‌ವರ್ಡ್ ಹಾಕಿದ ಮೇಲೆ ಮಾತ್ರ ಎಲ್ಲ ಕುಸಿಯುವುದಕ್ಕೆ ಕಾರಣ ಇದೇ. ಪಾಸ್‌ವರ್ಡ್ ಒಪ್ಪಿತವಾದ ಕ್ಷಣದಲ್ಲಿ ನಮ್ಮ ಸೆಷನ್ ತನ್ನ ಕಡತವನ್ನು ಓದಿ, ಮಾನಿಟರ್‌ಗಳನ್ನು ಹೊಸ ಹೊಂದಿಕೆಗೆ ತರಲು ಯತ್ನಿಸುತ್ತದೆ.

ಆ ಯತ್ನ ಏಕೆ ಸೋತಿತು ಎಂಬುದು ಇನ್ನೂ ಉಳಿದಿತ್ತು. ಕುಸಿತವಾದ ಕೂಡಲೇ ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ ಅಕ್ಷರಗಳ ಟರ್ಮಿನಲ್‌ಗೆ ಹೋಗಿ, ಜರ್ನಲ್‌ಸಿಟಿಎಲ್ ಆದೇಶದಿಂದ ಆ ಬೂಟ್‌ನ ಲಾಗ್ ತೆಗೆದು ಓದಿದೆ. ಗ್ರಾಫಿಕ್ಸ್‌ಗೆ ಸೇರಿದ ಸಾಲುಗಳ ನಡುವೆ ಒಂದು ವಾಕ್ಯ ಮತ್ತೆ ಮತ್ತೆ ಬರುತ್ತಿತ್ತು: ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್.’ ಡಿಸ್ಕ್ ತುಂಬಿದೆಯೆಂದು ಭಾವಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಖಾಲಿಯಿತ್ತು. ಲಿನಕ್ಸ್‌ನಲ್ಲಿ ಈ ವಾಕ್ಯದ ದೋಷಸಂಖ್ಯೆ 28; ಡಿಸ್ಕ್‌ಗಾಗಿ ಹುಟ್ಟಿದ ಅದನ್ನೇ ಕರ್ನೆಲ್ ಡಿಸ್‌ಪ್ಲೇಪೋರ್ಟ್ ತಂತಿಯಲ್ಲಿ ಜಾಗ ಸಾಲದಾಗಲೂ ಹಿಂದಿರುಗಿಸುತ್ತದೆ. ಒಂದು ತಂತಿಯಲ್ಲಿ ಎರಡು ಮಾನಿಟರ್‌ಗಳ ಚಿತ್ರಗಳು ಪಾಲು ಹಂಚಿಕೊಂಡು ಸಾಗಬೇಕಾದಾಗ, ಕೇಳಿದ ಪಾಲುಗಳ ಮೊತ್ತ ತಂತಿಯ ಸಾಮರ್ಥ್ಯವನ್ನು ಮೀರಿದರೆ ಕರ್ನೆಲ್ ಇಡೀ ಕೋರಿಕೆಯನ್ನೇ ತಿರಸ್ಕರಿಸುತ್ತದೆ. ಆ ಒಂದು ವಾಕ್ಯದ ಅರ್ಥ ಗೊತ್ತಿದ್ದಿದ್ದರೆ ಮೂರು ದಿನದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಅದನ್ನು ಇಲ್ಲಿ ಇಷ್ಟು ವಿವರವಾಗಿ ಬರೆಯುತ್ತಿರುವುದು ಅದಕ್ಕಾಗಿಯೇ.

ಲೆಕ್ಕ ಹೀಗಿದೆ. 2010ರಲ್ಲಿ ಬಂದ ಡಿಸ್‌ಪ್ಲೇಪೋರ್ಟ್ 1.2ರ ಪ್ರಕಾರ ತಂತಿಯೊಳಗೆ ನಾಲ್ಕು ಲೇನ್‌ಗಳು (ದತ್ತಾಂಶ ಸಾಗುವ ಪಥಗಳು), ಒಂದೊಂದರಲ್ಲಿ ಸೆಕೆಂಡಿಗೆ 5.4 ಗಿಗಾಬಿಟ್, ಅದರಲ್ಲಿ ಐದನೆಯ ಒಂದು ಭಾಗ ಸಂಕೇತದ ಸಾಗಣೆಗೇ ವೆಚ್ಚವಾಗಿ ಚಿತ್ರಕ್ಕೆ ಸಿಗುವುದು ಒಟ್ಟು 17.28 ಗಿಗಾಬಿಟ್. 1920×1080ರ ಮಾನಿಟರ್ ಒಂದಕ್ಕೆ 60 ಹರ್ಟ್ಸ್‌ನಲ್ಲಿ ಸುಮಾರು ಮೂರೂವರೆ ಗಿಗಾಬಿಟ್, 100 ಹರ್ಟ್ಸ್‌ನಲ್ಲಿ ಐದೂವರೆಗಿಂತ ಸ್ವಲ್ಪ ಹೆಚ್ಚು ಬೇಕು. ಎರಡು ಮಾನಿಟರ್‌ಗಳಿಗೆ 100 ಹರ್ಟ್ಸ್‌ನಲ್ಲಿ ಹನ್ನೊಂದು ಚಿಲ್ಲರೆ. ಮೊದಲಿನ ಗಿಡ್ಡ ಕೇಬಲ್‌ನಲ್ಲಿ ಅದಕ್ಕೆ ಧಾರಾಳವಾಗಿ ಜಾಗವಿತ್ತು. ಉದ್ದದ ಕೇಬಲ್‌ನಲ್ಲಿ ಸಂಕೇತ ಕ್ಷೀಣಿಸಿದ್ದರಿಂದ ಲ್ಯಾಪ್‌ಟಾಪ್ ಮತ್ತು ಡಾಕ್ ತಮ್ಮಲ್ಲಿ ಮಾತಾಡಿಕೊಂಡು ಲೇನ್‌ನ ವೇಗವನ್ನು 2.7 ಗಿಗಾಬಿಟ್‌ಗೆ ಇಳಿಸಿದ್ದವು, ಆಗ ಸಿಗುವ ಜಾಗ 8.64 ಮಾತ್ರ. 60 ಹರ್ಟ್ಸ್‌ನ ಎರಡು ಮಾನಿಟರ್‌ಗಳ ಏಳು ಗಿಗಾಬಿಟ್ ಅದರಲ್ಲಿ ಹಿಡಿಸುತ್ತದೆ, 100 ಹರ್ಟ್ಸ್‌ನ ಒಂದೇ ಮಾನಿಟರ್ ಕೂಡ ಹಿಡಿಸುತ್ತದೆ, ಹನ್ನೊಂದು ಹಿಡಿಸುವುದಿಲ್ಲ. ನಾನು ಕಂಡ ಪ್ರತಿಯೊಂದು ಲಕ್ಷಣವೂ ಈ ಲೆಕ್ಕಕ್ಕೆ ಸರಿಯಾಗಿ ಕೂಡಿಬಂತು. ಎಎಂಡಿ ಗ್ರಾಫಿಕ್ಸ್ ಇರುವ ಯಂತ್ರಗಳಲ್ಲಿ ಕರ್ನೆಲ್‌ನ ಡಿಬಗ್ ಕೋಶದೊಳಗೆ ಲಿಂಕ್ ಸೆಟ್ಟಿಂಗ್ಸ್ ಎಂಬ ಕಡತವಿದ್ದು, ಸದ್ಯದ ಲೇನ್‌ಗಳ ಸಂಖ್ಯೆಯನ್ನೂ ವೇಗವನ್ನೂ ಅದರಲ್ಲಿ ಓದಬಹುದು. ಗಿಡ್ಡ ಕೇಬಲ್ ಮತ್ತೆ ಹಾಕಿದಾಗ ಅಲ್ಲಿನ ವೇಗ ಇಮ್ಮಡಿಯಾದುದನ್ನು ಕಣ್ಣಾರೆ ಕಂಡೆ, ಅದೇ ಗಳಿಗೆಯಲ್ಲಿ ಲಾಗಿನ್ ಕೂಡ ಆಯಿತು.

ಈ ಬಗೆಯ ತೊಂದರೆಗೆ, ಪರದೆಗೆ ಚಿತ್ರ ಮೂಡಿಸುವ ಈಗಿನ ವ್ಯವಸ್ಥೆಯಾದ ವೇಲ್ಯಾಂಡ್ ಬಿಟ್ಟು ಅದಕ್ಕೂ ಹಿಂದಿನದಾದ ಎಕ್ಸ್ ಸೆಷನ್‌ಗೆ ಹೋಗಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ತಂತಿಯಲ್ಲಿ ಜಾಗವೇ ಇಲ್ಲದಾಗ ಅದರಿಂದ ಪ್ರಯೋಜನವಿಲ್ಲ. ಮೇಲಾಗಿ ಸೆಪ್ಟೆಂಬರ್ 2025ರಲ್ಲಿ ಬಂದ ನೋಮ್ 49ರಲ್ಲಿ ಎಕ್ಸ್ ಸೆಷನ್ ಪೂರ್ವನಿಯೋಜಿತವಾಗಿ ಮುಚ್ಚಲ್ಪಟ್ಟಿದೆ. ಅದನ್ನೇ ನೆಚ್ಚಿಕೊಳ್ಳುವ ಕಾಲ ಮುಗಿಯುತ್ತಿದೆ. ತುರ್ತಾಗಿ ಒಳಹೋಗಬೇಕಾದವರು ಟರ್ಮಿನಲ್‌ನಿಂದ ಆ ಮಾನಿಟರ್ಸ್ ಕಡತದ ಹೆಸರನ್ನು ಬದಲಾಯಿಸಿಟ್ಟರೆ ಸಾಕು. ಸೆಷನ್ 60 ಹರ್ಟ್ಸ್‌ನಲ್ಲಿ ತೆರೆದುಕೊಳ್ಳುತ್ತದೆ. ನೋಮ್ ಬದಲು ಪ್ಲಾಸ್ಮಾ 6 ಎಂಬ ಡೆಸ್ಕ್‌ಟಾಪ್ ಬಳಸುವವರಲ್ಲಿ ಇದೇ ಪಾತ್ರವನ್ನು ವಹಿಸುವುದು ಡಾಟ್ ಕಾನ್ಫಿಗ್‌ನೊಳಗಿನ ಕೆವಿನ್ ಔಟ್‌ಪುಟ್ ಕಾನ್ಫಿಗ್ ಎಂಬ ಕಡತ.

ಈಗ ತಯಾರಕರ ವಿಷಯ. ಪೆಟ್ಟಿಗೆಯ ಮೇಲೆ ಹೊಂದಾಣಿಕೆಯ ಪಟ್ಟಿಯಲ್ಲಿ ಲಿನಕ್ಸ್ ಹೆಸರು ಸ್ಪಷ್ಟವಾಗಿ ಮುದ್ರಿತವಾಗಿದೆ. ಹಾಗಿದ್ದೂ ಸಹಾಯವಾಣಿಗೆ ಕರೆ ಮಾಡಿದಾಗ ಬಂದ ಉತ್ತರ, “ಸರ್, ಲಿನಕ್ಸ್‌ಗೆ ನಮ್ಮಲ್ಲಿ ಸಪೋರ್ಟ್ ಇಲ್ಲ, ವಿಂಡೋಸ್ ಹಾಕಿ ನೋಡಿ.” ಕೇಬಲ್ ಬದಲಾಯಿಸಿದ್ದೀರಾ ಎಂಬ ಒಂದೇ ಒಂದು ಪ್ರಶ್ನೆಯನ್ನು ಅವರು ಕೇಳಿದ್ದರೆ ಸಾಕಿತ್ತು. ಆ ಹುಡುಗನ ಮೇಲೆ ನನಗೆ ಬೇಸರವಿಲ್ಲ, ಅವನಿಗೆ ಯಾರೂ ಕಲಿಸಿಲ್ಲ. ಪೂರ್ತಿ ವೇಗಕ್ಕೆ ಎಷ್ಟು ಉದ್ದದ, ಯಾವ ದರ್ಜೆಯ ಕೇಬಲ್ ಬೇಕೆಂಬುದನ್ನು ಒಂದು ಸಾಲಿನಲ್ಲಾದರೂ ಅಚ್ಚು ಹಾಕದ ಕಂಪನಿಯ ಮೇಲೆ ಮಾತ್ರ ಬೇಸರವಿದೆ.

ಪೆಟ್ಟಿಗೆಯಲ್ಲಿ ಹೇಳದೆ ಬಿಟ್ಟ ಇನ್ನೊಂದು ಸಂಗತಿಯೂ ಇದೆ. ನಾಲ್ಕೂ ಲೇನ್‌ಗಳನ್ನು ಚಿತ್ರಕ್ಕೆ ಕೊಟ್ಟರೆ ಯುಎಸ್‌ಬಿ 3ಕ್ಕೆ ತಂತಿಯಲ್ಲಿ ದಾರಿ ಉಳಿಯುವುದಿಲ್ಲ. ನೀಲಿ ಬಣ್ಣದ ಪೋರ್ಟ್‌ಗಳ ಪಕ್ಕದಲ್ಲಿ 5 ಗಿಗಾಬಿಟ್ ಎಂದು ಬರೆದಿದ್ದರೂ ಅವು ನಡೆಯುವುದು 480 ಮೆಗಾಬಿಟ್‌ನಲ್ಲಿ. ಹೊರಗಿನ ಡಿಸ್ಕ್‌ಗೆ ಕಡತಗಳನ್ನು ನಕಲಿಸುವಾಗ ಸೆಕೆಂಡಿಗೆ 40 ಮೆಗಾಬೈಟ್ ದಾಟಿದ್ದನ್ನು ನಾನು ಕಂಡಿಲ್ಲ. ಗಿಗಾಬಿಟ್ ಎಂದು ಹೇಳಿಕೊಳ್ಳುವ ಇಂಟರ್‌ನೆಟ್ ಪೋರ್ಟ್ ಕೂಡ ಇದೇ ಇಕ್ಕಟ್ಟಿನ ದಾರಿಯಲ್ಲೇ ಸಾಗಬೇಕು. ಕೆಲವು ಡಾಕ್‌ಗಳು ಎರಡು ಲೇನ್ ಚಿತ್ರಕ್ಕೆ, ಎರಡು ಲೇನ್ ದತ್ತಾಂಶಕ್ಕೆ ಎಂದು ಹಂಚುತ್ತವೆ. ಅಂಥವುಗಳಲ್ಲಿ ಡಿಸ್ಕ್ ವೇಗವಾಗಿರುತ್ತದೆ, ಆದರೆ ಒಂದು 2560×1440ರ ಮಾನಿಟರ್ ಮತ್ತು ಒಂದು 1920×1080ರ ಮಾನಿಟರ್ 60 ಹರ್ಟ್ಸ್‌ನಲ್ಲೂ ಆ ಎರಡು ಲೇನ್‌ಗಳ 8.64 ಗಿಗಾಬಿಟ್‌ನೊಳಗೆ ಒಟ್ಟಿಗೆ ಹಿಡಿಸುವುದಿಲ್ಲ. ಹಂಚಿಕೆ ಹೇಗಿದೆ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಿ. ನನ್ನ ಕೆಲಸಕ್ಕೆ ಚಿತ್ರವೇ ಮುಖ್ಯವಾದ್ದರಿಂದ ನಾಲ್ಕು ಲೇನ್‌ನ ಈ ಡಾಕ್ ನನಗೆ ಸರಿಹೊಂದಿದೆ. ದೊಡ್ಡ ವಿಡಿಯೊ ಕಡತಗಳನ್ನು ದಿನವೂ ಡಿಸ್ಕ್‌ನಿಂದ ಡಿಸ್ಕ್‌ಗೆ ಸಾಗಿಸುವವರಿಗೆ ಸರಿಹೊಂದದು. ಮನೆಯಲ್ಲಿ ಮ್ಯಾಕ್ ಇರುವವರೂ ಗಮನಿಸಬೇಕು: ಒಂದು ತಂತಿಯನ್ನು ಹೀಗೆ ಎರಡು ಮಾನಿಟರ್‌ಗಳಿಗೆ ಹಂಚುವ ವಿಧಾನದಲ್ಲಿ ಮ್ಯಾಕ್‌ಓಎಸ್ ಎರಡೂ ಮಾನಿಟರ್‌ಗಳಲ್ಲಿ ಒಂದೇ ಚಿತ್ರವನ್ನು ತೋರಿಸುತ್ತದೆ.

ಉಳಿದಂತೆ ಕಟ್ಟುಮಸ್ತಾದ ಲೋಹದ ಹೊರಕವಚ, ಬೇಸಿಗೆಯ ಮಧ್ಯಾಹ್ನಗಳಲ್ಲೂ ಕೈಗೆ ಬೆಚ್ಚಗೆ ತಾಗುವುದಕ್ಕಿಂತ ಹೆಚ್ಚು ಬಿಸಿಯಾಗದ ಗುಣ, ಪೋರ್ಟ್‌ಗಳ ಬಿಗಿ, ಎಲ್ಲವೂ ಮೆಚ್ಚುವಂತಿವೆ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆ ಅಂಕ ಪೂರ್ತಿಯಾಗಿ ಪೆಟ್ಟಿಗೆಯ ಮೇಲಿನ ಬರವಣಿಗೆಗೆ ಮತ್ತು ಸಹಾಯವಾಣಿಗೆ ಸೇರಿದ್ದು. ಮೇಜು ಕಿಟಕಿಯ ಪಕ್ಕದಲ್ಲೇ ಇದೆ. ಡಾಕನ್ನು ಮೇಜಿನ ಅಡಿಭಾಗಕ್ಕೆ ತಿರುಗಿಸಿ ಕೂರಿಸಿದ್ದರಿಂದ ಗಿಡ್ಡ ಕೇಬಲ್ ಈಗ ಲ್ಯಾಪ್‌ಟಾಪ್‌ಗೆ ಸರಿಯಾಗಿ ಎಟಕುತ್ತದೆ. ಎರಡು ಮೀಟರ್‌ನ ಕೇಬಲ್‌ಗೆ ‘ಚಾರ್ಜಿಂಗ್‌ಗೆ ಮಾತ್ರ’ ಎಂದು ಚೀಟಿ ಅಂಟಿಸಿ ಅಡುಗೆಮನೆಯ ಪ್ಲಗ್‌ನ ಬಳಿ ಇಟ್ಟಿದ್ದೇನೆ.