ಅಲಾಸ್ಕಾದ ಸರ್ಕಾರಿ ಹಡಗು: ಮಳೆಯೂರುಗಳಿಗೆ ಎರಡು ಟಿಕೆಟ್

ಅಲಾಸ್ಕಾ ಮರೀನ್ ಹೈವೇ ಅಂದರೆ ಕ್ರೂಸ್ ಅಲ್ಲ, ಸಮುದ್ರದ ಮೇಲಿನ ಸರ್ಕಾರಿ ಬಸ್ಸು. 1963ರಿಂದ ಓಡುತ್ತಿದೆ. ಹೊರಗಿನಿಂದ ರಸ್ತೆಯೇ ಇಲ್ಲದ ದ್ವೀಪದೂರುಗಳಿಗೆ ಕಾರು, ಲಾರಿ, ಶಾಲೆಯ ಬಾಸ್ಕೆಟ್‌ಬಾಲ್ ಟೀಮು ಎಲ್ಲ ಇದರಲ್ಲೇ ಹೋಗುತ್ತವೆ. ಬ್ಯಾಂಡು, ಈಜುಕೊಳ ಬೇಕೆನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಮೀನುಗಾರರ ಊರೊಂದರಲ್ಲಿ ಮೂರು ದಿನ ಮಳೆ ನೋಡುತ್ತ ಕೂತರೂ ಒಬ್ಬರ ಮೇಲೊಬ್ಬರು ರೇಗದ ಜೋಡಿಗೆ ಇದಕ್ಕಿಂತ ಒಳ್ಳೆಯ ವಾಹನ ಇಲ್ಲ.

ಹತ್ತುವುದು ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ. ಸಿಯಾಟಲ್ ಸುತ್ತಮುತ್ತಲಿನ ಕನ್ನಡಿಗರಿಗೆ ಉತ್ತರಕ್ಕೆ ಸುಮಾರು 145 ಕಿ.ಮೀ. ಸಾಮಾನ್ಯವಾಗಿ ಶುಕ್ರವಾರ ಸಂಜೆ ಬಿಟ್ಟ ಹಡಗು ಭಾನುವಾರ ಬೆಳಿಗ್ಗೆ ಅಲಾಸ್ಕಾದ ಮೊದಲ ನಿಲ್ದಾಣ ಕೆಚಿಕನ್ ಮುಟ್ಟುತ್ತದೆ. ದಾರಿಯ ಬಹುಪಾಲು ಕೆನಡಾದ ನೀರೇ ಆದರೂ ಅಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಕೆನಡಾ ವೀಸಾದ ಗೋಜಿಲ್ಲ. ಪಾಸ್‌ಪೋರ್ಟ್ ಮಾತ್ರ ಕೈಯಲ್ಲಿರಲಿ. ಕ್ವೀನ್ ಶಾರ್ಲಟ್ ಸೌಂಡ್ ಬಳಿ ಕೆಲವು ಗಂಟೆ ತೆರೆದ ಸಮುದ್ರ ಸಿಗುತ್ತದೆ. ವಾಂತಿಯ ಮಾತ್ರೆ ಅದಕ್ಕೆ ಮೊದಲೇ ನುಂಗಿರಬೇಕು, ತಲೆ ತಿರುಗತೊಡಗಿದ ಮೇಲೆ ನುಂಗಿ ಉಪಯೋಗವಿಲ್ಲ.

ಕ್ಯಾಬಿನ್ ಬೇಕಾಗುವುದು ಈ ಎರಡು ರಾತ್ರಿಗೆ ಮಾತ್ರ. ಟಿಕೆಟ್ಟಿನ ಮೇಲೆ ಅದಕ್ಕೆ ಬೇರೆ ದುಡ್ಡು, ಬೇಸಿಗೆಯಲ್ಲಿ ಬೇಗ ಮುಗಿದೂ ಹೋಗುತ್ತದೆ. ಸಿಗದಿದ್ದರೆ ಮೇಲಿನ ಡೆಕ್ಕಿನ ಸೋಲಾರಿಯಂ ಇದೆ: ಚಾವಣಿಯಲ್ಲಿ ಬಿಸಿ ದೀಪ, ಕೆಳಗೆ ಪ್ಲಾಸ್ಟಿಕ್ಕಿನ ಒರಗು ಕುರ್ಚಿ, ಹಿಂಬದಿ ಪೂರ್ತಿ ಬಯಲು. ಒಳಗಿನ ತುದಿ ಹಿಡಿಯಿರಿ, ಎರಚಲು ಅಲ್ಲಿಗೆ ಬರುವುದಿಲ್ಲ. ಹೊರಗೆ ಟೆಂಟ್ ಹಾಕುವವರೂ ಇದ್ದಾರೆ. ಉಕ್ಕಿನ ಡೆಕ್ಕಿಗೆ ಗೂಟ ಹೊಡೆಯಲಾಗದು, ಆದ್ದರಿಂದ ತಾನೇ ನಿಲ್ಲುವ ಟೆಂಟು ಮತ್ತು ಡಕ್ಟ್ ಟೇಪ್. ಒದ್ದೆ ಉಕ್ಕಿಗೆ ಟೇಪ್ ಕಚ್ಚುವುದಿಲ್ಲ. ಹಳೇ ಟವೆಲ್ಲಿನಿಂದ ಚೆನ್ನಾಗಿ ಒರೆಸಿ, ನಾಲ್ಕೂ ಮೂಲೆಗೆ ಅಂಟಿಸಬೇಕು. ಎರಡೇ ಮೂಲೆಗೆ ಅಂಟಿಸಿ ಊಟಕ್ಕೆ ಹೋದರೆ ಬರುವಷ್ಟರಲ್ಲಿ ಟೆಂಟು ಗಾಳಿಪಟ.

ಊಟ ಕ್ಯಾಂಟೀನ್ ಮಟ್ಟದ್ದು. ಸಸ್ಯಾಹಾರಿಗಳಿಗೆ ಎರಡನೇ ದಿನಕ್ಕೆ ಬೇಜಾರು ಬರುವುದು ಖಂಡಿತ. ಹಡಗಿನಲ್ಲಿ ಸ್ಟೌ ಹಚ್ಚುವಂತಿಲ್ಲ. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ, ಗೊಜ್ಜವಲಕ್ಕಿ ಒಯ್ಯಿರಿ.

ಇನ್ನು ಊರುಗಳು. ಕೆಚಿಕನ್‌ನಲ್ಲಿ ವರ್ಷಕ್ಕೆ ಸುಮಾರು 3,800 ಮಿ.ಮೀ. ಮಳೆ. ನಮ್ಮ ಮುಂಗಾರಿನ ಹಾಗೆ ನಾಲ್ಕು ತಿಂಗಳು ಸುರಿದು ಮುಗಿಯುವುದಲ್ಲ, ವರ್ಷವಿಡೀ ಹಿಡಿದುಕೊಳ್ಳುವ ತಣ್ಣನೆ ಜಿಟಿಜಿಟಿ. ಅಕ್ಟೋಬರ್ ತೀರಾ ಕೆಟ್ಟದು. ಕೊಡೆ ಹಿಡಿದವರು ಪ್ರವಾಸಿಗಳೆಂದು ಅಲ್ಲಿಯವರು ದೂರದಿಂದಲೇ ಗುರುತಿಸುತ್ತಾರೆ. ಟೋಪಿಯಿರುವ ರೇನ್‌ಕೋಟು, ಮೊಣಕಾಲುದ್ದದ ರಬ್ಬರ್ ಬೂಟು ಸಾಕು. ಬೇಸಿಗೆಯಲ್ಲಿ ಕೆಚಿಕನ್ ತುಂಬ ಕ್ರೂಸ್ ಜನ. ಒಂದು ರಾತ್ರಿ ತಂಗಿ ಮುಂದಕ್ಕೆ ಹೊರಡಿ.

ಇಡೀ ದಾರಿಯ ಸತ್ವ ಮುಂದಿನ ಎರಡು ಊರು, ರಾಂಗೆಲ್ ಮತ್ತು ಪೀಟರ್ಸ್‌ಬರ್ಗ್ ನಡುವಿನ ಮೂರು ಗಂಟೆಯಲ್ಲಿದೆ. ರಾಂಗೆಲ್ ನ್ಯಾರೋಸ್ ಸುಮಾರು 35 ಕಿ.ಮೀ. ಉದ್ದದ ಇಕ್ಕಟ್ಟು. ಆಳ ಕಡಿಮೆ, ಅದಕ್ಕೇ ಹಡಗು ಭರತ ನೋಡಿಕೊಂಡು ಒಳಹೋಗುತ್ತದೆ. ನಡುರಾತ್ರಿಯಾದರೂ ಎದ್ದು ಮುಂಬದಿಗೆ ಬನ್ನಿ: ನೀರಿನಲ್ಲಿ ದಾರಿ ತೋರುವ ಕೆಂಪು ದೀಪ, ಹಸಿರು ದೀಪ, ಮತ್ತೆ ಕೆಂಪು, ಅವುಗಳ ನಡುವೆ ಹಡಗು ಅತ್ತಿತ್ತ ತಿರುಗುತ್ತ ಸಾಗುತ್ತದೆ. ದೊಡ್ಡ ಕ್ರೂಸ್ ಹಡಗುಗಳಿಗೆ ಇಲ್ಲಿ ಜಾಗವಿಲ್ಲ. ಪೀಟರ್ಸ್‌ಬರ್ಗ್ ಇನ್ನೂ ಮೀನುಗಾರರ ಊರಾಗಿಯೇ ಉಳಿದಿರುವುದಕ್ಕೆ ಇದೂ ಒಂದು ಕಾರಣ. ನಾರ್ವೆಯವರು ಕಟ್ಟಿದ ಊರದು. 1912ರ ಸನ್ಸ್ ಆಫ್ ನಾರ್ವೆ ಸಭಾಂಗಣ ಹ್ಯಾಮರ್ ಸ್ಲೂ ಎಂಬ ತೊರೆಯ ದಡದಲ್ಲಿ ಕಂಬಗಳ ಮೇಲೆ ನಿಂತಿದೆ. ಇಲ್ಲಿ ಮೂರು ರಾತ್ರಿ ಕಡಿಮೆಯೇ.

ಕಾರು ಬೇಡ. ಅದರ ದರ ಉದ್ದದ ಮೇಲೆ, ಖರ್ಚು ಎಲ್ಲಿಗೋ ಹೋಗುತ್ತದೆ. ರಾಂಗೆಲ್‌ನಲ್ಲಿ ಹಡಗುಕಟ್ಟೆ ಊರೊಳಗೇ ಇದೆ, ಪೀಟರ್ಸ್‌ಬರ್ಗ್‌ನಲ್ಲಿ ನಡೆಯುವಷ್ಟು ದೂರ. ಇನ್ನೊಂದು ದ್ವೀಪದೂರು ಸಿಟ್ಕಾದಲ್ಲಿ ಮಾತ್ರ ಕಟ್ಟೆಯಿಂದ ಊರಿಗೆ ಸುಮಾರು 11 ಕಿ.ಮೀ., ಟ್ಯಾಕ್ಸಿ ಮೊದಲೇ ಹೇಳಿಡಿ.

ಟಿಕೆಟ್ಟನ್ನು ಊರಿಂದೂರಿಗೆ ಬೇರೆಬೇರೆಯಾಗಿ ತೆಗೆಯಬೇಕು. ಸಣ್ಣ ಊರುಗಳಿಗೆ ಹಡಗು ದಿನವೂ ಬರುವುದಿಲ್ಲ, ಆದ್ದರಿಂದ ಮೊದಲು ವೇಳಾಪಟ್ಟಿ, ಆಮೇಲೆ ಹೋಟೆಲ್. ಉಲ್ಟಾ ಮಾಡಿದರೆ ಎರಡು ಸಲ ದುಡ್ಡು ಕಟ್ಟಬೇಕಾಗುತ್ತದೆ. ಬರುವ ಹೊತ್ತು ರಾತ್ರಿ ಎರಡೂ ಆಗಬಹುದು, ಕೋಣೆಯವರಿಗೆ ತಿಳಿಸಿರಿ. ಹಡಗುಗಳಿಗೂ ವಯಸ್ಸಾಗಿದೆ, ಕೊಲಂಬಿಯಾ ಎಂಬ ಹಡಗು 1974ರದ್ದು. ರಿಪೇರಿಗೆ ನಿಂತರೆ ಇಡೀ ಪಟ್ಟಿ ಏರುಪೇರು. ಹೋಗುವುದು ಹಡಗು, ಮರಳುವುದು ವಿಮಾನ, ನಡುವೆ ಎರಡು ದಿನ ಖಾಲಿ: ಈ ಲೆಕ್ಕ ಇಟ್ಟುಕೊಂಡರೆ ತಲೆಬಿಸಿಯಿಲ್ಲ.

ರಾಂಗೆಲ್ ಕಟ್ಟೆಯಲ್ಲಿ ಮಕ್ಕಳು ತಟ್ಟೆಯಲ್ಲಿ ಕಡುಗೆಂಪು ಗಾರ್ನೆಟ್ ಕಲ್ಲು ಹರಡಿಕೊಂಡು ನಿಂತಿರುತ್ತಾರೆ. ಆ ಕಲ್ಲಿನ ಗುಡ್ಡವನ್ನು 1962ರಲ್ಲಿ ಊರಿನ ಮಕ್ಕಳಿಗೆಂದೇ ಬಿಟ್ಟುಕೊಡಲಾಗಿತ್ತು. ಚಿಲ್ಲರೆ ಡಾಲರ್ ಜೇಬಿನಲ್ಲಿರಲಿ.